ಪ್ರಾಗ್ಮಾ ಹಾಕಿದ ಮೇಲೂ ಕೋಡ್ ಯಾಕೆ ನಿಧಾನ? ಜಿಪಿಯು ಕಲಿಯುತ್ತಿರುವವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಜಿಪಿಯು ಬಗ್ಗೆಯೇ ಇವೆ. ಅದರಲ್ಲೂ ಡೈರೆಕ್ಟಿವ್ ಬಗ್ಗೆ. ಹೊಸಬರಿಗೆ ಎರಡೇ ಮಾತು: ಸಿ ಅಥವಾ ಫೋರ್ಟ್ರಾನ್‌ನಲ್ಲಿ ಮಾಮೂಲಿ ಲೂಪ್ ಬರೆದು, ಅದರ ಮೇಲೆ ಒಂದು ಸೂಚನೆಯ ಸಾಲು ಹಾಕುತ್ತೇವೆ. ಅದೇ ಡೈರೆಕ್ಟಿವ್, ಸಿ ಭಾಷೆಯಲ್ಲಿ ಅದು 'ಪ್ರಾಗ್ಮಾ' ಅಂತ ಶುರುವಾಗುತ್ತದೆ. ಕಂಪೈಲರ್ ಅದನ್ನು ಓದಿ, ಆ ಲೂಪನ್ನು ಗ್ರಾಫಿಕ್ಸ್ ಪ್ರೊಸೆಸರ್ (ಜಿಪಿಯು) ಮೇಲೆ ಓಡಿಸುವ ಕೋಡನ್ನು ತಾನೇ ತಯಾರಿಸುತ್ತದೆ. ಓಪನ್‌ಎಸಿಸಿ, ಓಪನ್‌ಎಂಪಿ ಎರಡೂ ಈ ದಾರಿಯವು. ನಾನು ಫೋರ್ಟ್ರಾನ್‌ನಲ್ಲಿ ನೀರಿನ, ಗಾಳಿಯ ಹರಿವು ಲೆಕ್ಕ ಹಾಕುತ್ತಲೇ ಈ ಕೆಲಸಕ್ಕೆ ಬಂದವಳು. ಈಗ ಇದನ್ನೇ ಪಾಠ ಮಾಡುತ್ತೇನೆ. ಹಾಗಾಗಿ ಈ ಪತ್ರಗಳಿಗೆ ಉತ್ತರ ಬರೆಯೋದು ನನಗೆ ಇಷ್ಟದ ಕೆಲಸ.

ಪ್ರಶ್ನೆ: ಮೇಡಂ, ತಗಡಿನಲ್ಲಿ ಶಾಖ ಹೇಗೆ ಹರಡುತ್ತದೆ ಅಂತ ಲೆಕ್ಕ ಹಾಕುವ ಸಿ ಪ್ರೋಗ್ರಾಂ ಬರೆದಿದ್ದೇನೆ. 4096 × 4096 ಗ್ರಿಡ್, ಡಬಲ್ ಪ್ರಿಸಿಷನ್, ಯಾಕೋಬಿ ವಿಧಾನ. ಕಾಲೇಜಿನ ಸರ್ವರ್‌ನಲ್ಲಿ 16 ಕೋರ್ ಇದೆ, ಎನ್ವಿಡಿಯಾದ ಒಂದು ಟಿ4 ಜಿಪಿಯು ಕಾರ್ಡ್ ಕೂಡ ಇದೆ. ಎರಡೂ ಲೂಪ್ ಮೇಲೆ 'ಪ್ರಾಗ್ಮಾ ಎಸಿಸಿ ಪ್ಯಾರಲಲ್ ಲೂಪ್' ಹಾಕಿದೆ. ಉತ್ತರ ಸರಿಯಾಗಿದೆ. ಆದರೆ 16 ಕೋರ್‌ನಲ್ಲಿ ಓಡಿಸಿದ್ದಕ್ಕಿಂತ ನಿಧಾನ! ಜಿಪಿಯು ಅಂದರೆ ವೇಗ ಅಲ್ವಾ?
(ಎಂ.ಟೆಕ್ ವಿದ್ಯಾರ್ಥಿನಿ, ಹುಬ್ಬಳ್ಳಿ)

ನಿಮ್ಮ ಜಿಪಿಯು ವೇಗವಾಗಿಯೇ ಇದೆ. ಅದು ಹೆಚ್ಚಿನ ಹೊತ್ತು ಸುಮ್ನೆ ಕೂತಿದೆ, ಅಷ್ಟೇ. ಪೆನ್ನು ಹಿಡಿದು ಲೆಕ್ಕ ಹಾಕೋಣ ಬನ್ನಿ.

ಯಾಕೋಬಿ ವಿಧಾನದಲ್ಲಿ ಎರಡು ಅರೇ: ಮೊದಲ ಲೂಪ್ ಹಳೆಯದನ್ನು ಓದಿ ಹೊಸ ಬೆಲೆಗಳನ್ನು ಇನ್ನೊಂದರಲ್ಲಿ ಬರೆಯುತ್ತದೆ, ಎರಡನೇ ಲೂಪ್ ಅವನ್ನು ಹಳೆಯದಕ್ಕೆ ನಕಲು ಮಾಡುತ್ತದೆ. ನಿಮ್ಮ ಒಂದು ಅರೇಯಲ್ಲಿ 4096 × 4096 ಸಂಖ್ಯೆಗಳು, ಒಂದೊಂದಕ್ಕೆ 8 ಬೈಟ್. ಒಟ್ಟು 13,42,17,728 ಬೈಟ್. ಅಂದರೆ ಸುಮಾರು 134 ಎಂಬಿ. ಸಿಪಿಯುಗೆ ಒಂದು ಮೆಮೊರಿ, ಜಿಪಿಯು ಕಾರ್ಡಿಗೆ ಇನ್ನೊಂದು. ಡೇಟಾ ಬಗ್ಗೆ ನೀವು ಏನೂ ಹೇಳಿಲ್ಲ. ಹಾಗಾಗಿ ಕಂಪೈಲರ್ ಜಾಗರೂಕತೆಯಿಂದ ನಡೆದುಕೊಳ್ಳುತ್ತದೆ. ಮೊದಲ ಲೂಪ್ ಶುರುವಾಗುವ ಮುಂಚೆ ಹಳೆಯ ಅರೇಯನ್ನು ಕಾರ್ಡಿಗೆ ಕಳಿಸುತ್ತದೆ, ಮುಗಿದ ಮೇಲೆ ಹೊಸ ಅರೇಯನ್ನು ವಾಪಸ್ ತರುತ್ತದೆ. ಎರಡನೇ ಲೂಪಿಗೆ ಅದೇ ಹೊಸ ಅರೇಯನ್ನು ಮತ್ತೆ ಕಳಿಸಿ, ಹಳೆಯದನ್ನು ವಾಪಸ್ ತರುತ್ತದೆ. ಒಂದೇ ಒಂದು ಸ್ಟೆಪ್‌ಗೆ ನಾಲ್ಕು ಸಾಗಣೆ, ಹತ್ತಿರ ಹತ್ತಿರ 537 ಎಂಬಿ.

ಟಿ4 ಕಾರ್ಡು ಕೂರುವುದು ಪಿಸಿಐಇ ಮೂರನೇ ತಲೆಮಾರಿನ ಸ್ಲಾಟಿನಲ್ಲಿ. ಅದರ ಮಿತಿ ಸೆಕೆಂಡಿಗೆ ಸುಮಾರು 16 ಜಿಬಿ. ಕೈಗೆ ಸಿಗುವುದು 12ರ ಆಸುಪಾಸು, ಅದೂ ಎಲ್ಲ ಸರಿ ಇದ್ದರೆ. 537 ಎಂಬಿ ಸಾಗಿಸಲು ಏನಿಲ್ಲವೆಂದರೂ 45 ಮಿಲಿಸೆಕೆಂಡ್. ಈಗ ಲೆಕ್ಕದ ಭಾಗ ನೋಡಿ. ಟಿ4 ತನ್ನ ಸ್ವಂತ ಮೆಮೊರಿಯನ್ನು ಸೆಕೆಂಡಿಗೆ 320 ಜಿಬಿ ವೇಗದಲ್ಲಿ ಓದುತ್ತದೆ. ಅದೇ 537 ಎಂಬಿಯನ್ನು ಓದಿ ಬರೆಯಲು ಅದಕ್ಕೆ ಬೇಕಾಗುವುದು 2 ಮಿಲಿಸೆಕೆಂಡಿನಷ್ಟು. ಎರಡು ಮಿಲಿಸೆಕೆಂಡಿನ ಕೆಲಸಕ್ಕೆ 45 ಮಿಲಿಸೆಕೆಂಡಿನ ಓಡಾಟ! ಅಡಿಕೆ ಸುಲಿಯುವ ಯಂತ್ರ ಪಕ್ಕದೂರಿನಲ್ಲಿದೆ ಅಂತ ಒಂದೊಂದು ಗೊನೆಗೂ ಗಾಡಿ ಕಟ್ಟಿಕೊಂಡು ಹೋಗಿ ಬಂದ ಹಾಗಾಯಿತು. ನಿಮ್ಮ 16 ಕೋರ್‌ಗಳಿಗೆ ಈ ಓಡಾಟವೇ ಇಲ್ಲ. ಅವು ಗೆದ್ದಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಪರಿಹಾರ ಒಂದೇ ಸಾಲು. ಸ್ಟೆಪ್‌ಗಳನ್ನು ಎಣಿಸುವ ಹೊರಗಿನ ವೈಲ್ ಲೂಪ್ ಇದೆಯಲ್ಲ, ಅದರ ಹೊರಗೆ 'ಪ್ರಾಗ್ಮಾ ಎಸಿಸಿ ಡೇಟಾ' ಹಾಕಿ. ಹಳೆಯ ಅರೇಗೆ 'ಕಾಪಿ', ಹೊಸ ಅರೇಗೆ 'ಕ್ರಿಯೇಟ್' ಅಂತ ಬರೆಯಿರಿ. ಹೊಸ ಅರೇ ಬರೀ ಕಚ್ಚಾ ಜಾಗ, ಅದನ್ನು ಕಳಿಸುವುದೂ ಬೇಡ, ತರುವುದೂ ಬೇಡ. ಆದರೆ ಅದರ ಅಂಚಿನ ಬೆಲೆಗಳನ್ನು ನಿಮ್ಮ ಲೂಪ್ ಎಲ್ಲಾದರೂ ಓದುತ್ತದಾ ಅಂತ ಒಮ್ಮೆ ನೋಡಿಕೊಳ್ಳಿ. ಓದಿದರೆ ಕ್ರಿಯೇಟ್ ಬದಲು 'ಕಾಪಿಇನ್' ಬೇಕು. ಇಷ್ಟು ಮಾಡಿದರೆ ಸಾವಿರ ಸ್ಟೆಪ್ ಓಡಿದರೂ 134 ಎಂಬಿ ಒಂದು ಸಲ ಹೋಗುತ್ತದೆ, ಒಂದು ಸಲ ಬರುತ್ತದೆ. ನಡುವೆ ಪ್ರತಿ ಸ್ಟೆಪ್‌ಗೂ ಓಡಾಡುವುದು ಎರರ್ ಬೆಲೆ ಮಾತ್ರ (ಹಳೆಯ, ಹೊಸ ಬೆಲೆಗಳ ನಡುವಿನ ಅತಿ ದೊಡ್ಡ ವ್ಯತ್ಯಾಸ), 8 ಬೈಟ್. ಬರೀ ಸಾಗಣೆಗೇ ಹೋಗುತ್ತಿದ್ದ 45 ಸೆಕೆಂಡ್ ಉಳಿದು, ಎರಡು ಮೂರು ಸೆಕೆಂಡಿಗೆ ಎಲ್ಲ ಮುಗಿಯಬೇಕು.

ನನ್ನ ಮಾತನ್ನು ಸುಮ್ನೆ ನಂಬಬೇಡಿ, ಕಣ್ಣಾರೆ ನೋಡಿ. ಎನ್ವಿಡಿಯಾ ಕಂಪೈಲರ್ ಬಳಸುತ್ತಿದ್ದರೆ 'ಎನ್‌ವಿಕಂಪೈಲರ್ ಎಸಿಸಿ ನೋಟಿಫೈ' ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಇದೆ. ಪದಗಳ ನಡುವೆ ಅಂಡರ್‌ಸ್ಕೋರ್, ಎಲ್ಲ ದೊಡ್ಡಕ್ಷರ. ಅದಕ್ಕೆ 2 ಅಂತ ಕೊಟ್ಟು, ಬರೀ ಐದು ಸ್ಟೆಪ್‌ಗೆ ಪ್ರೋಗ್ರಾಂ ಓಡಿಸಿ. ಪ್ರತಿ ಸಾಗಣೆಗೂ ಪರದೆ ಮೇಲೆ ಒಂದು ಸಾಲು ಬೀಳುತ್ತದೆ: ಅಪ್‌ಲೋಡೋ ಡೌನ್‌ಲೋಡೋ, ಯಾವ ಫೈಲು, ಎಷ್ಟನೇ ಸಾಲು, ಯಾವ ವೇರಿಯಬಲ್, ಎಷ್ಟು ಬೈಟ್. ಈಗಿನ ಕೋಡಿನಲ್ಲಿ ಅದೇ ಎರಡು ಅರೇಗಳ ಹೆಸರು ಮತ್ತೆ ಮತ್ತೆ ಉರುಳುತ್ತಾ ಹೋಗುತ್ತವೆ. ಡೇಟಾ ಸಾಲು ಹಾಕಿ ಮತ್ತೆ ಓಡಿಸಿದರೆ ಆ ಸಾಲುಗಳು ಮೊದಲಲ್ಲಿ, ಕೊನೆಯಲ್ಲಿ ಮಾತ್ರ. ನನ್ನ ತರಗತಿಯಲ್ಲಿ ನಾನು ಯಾವ ಡೈರೆಕ್ಟಿವ್ ಪಾಠಕ್ಕೂ ಮುಂಚೆ ಇದನ್ನು ಮಾಡಿಸುತ್ತೇನೆ. ಪ್ಯಾರಲಲ್ ಲೂಪ್ ಬರೆಯಲು ಅರ್ಧ ಗಂಟೆಯಲ್ಲಿ ಕಲಿಯಬಹುದು. ಡೇಟಾ ಈ ಕ್ಷಣ ಎಲ್ಲಿದೆ, ಯಾವ ಕಡೆಯ ಪ್ರತಿ ಹೊಸದು ಅಂತ ಸದಾ ಮನಸ್ಸಿನಲ್ಲಿ ಇಟ್ಟುಕೊಳ್ಳುವುದೇ ನಿಜವಾದ ಕಲಿಕೆ. ಅದಕ್ಕೆ ಸಮಯ ಹಿಡಿಯುತ್ತದೆ. ಹಿಡಿಯಲಿ.

ಇನ್ನೆರಡು ವಿಷಯ. ನೂರು ಸ್ಟೆಪ್‌ಗೆ ಒಮ್ಮೆ ಫೈಲಿಗೆ ಬರೆಯುತ್ತೀರಾ? ಹಾಗಿದ್ದರೆ ಬರೆಯುವ ಮುಂಚೆ, ಕಾರ್ಡಿನ ಬೆಲೆಗಳನ್ನು ಸಿಪಿಯು ಕಡೆಗೆ ತರುವ 'ಅಪ್‌ಡೇಟ್ ಸೆಲ್ಫ್' ಹಾಕಲೇಬೇಕು. ಇಲ್ಲದಿದ್ದರೆ ಪ್ರತಿ ಸಲವೂ ಸಿಪಿಯು ಕಡೆ ಇರುವ ಆರಂಭದ ಬೆಲೆಗಳೇ ಫೈಲಿಗೆ ಹೋಗುತ್ತವೆ. ಯಾವ ಎರರ್ ಮೆಸೇಜೂ ಬರುವುದಿಲ್ಲ. ಎರಡನೆಯದು, ಅರೇಯನ್ನು ಮ್ಯಾಲಕ್‌ನಿಂದ ಪಡೆದಿದ್ದರೆ ಕಂಪೈಲರ್‌ಗೆ ಅದರ ಉದ್ದ ಗೊತ್ತಾಗುವುದಿಲ್ಲ, ನೀವೇ ಚೌಕ ಆವರಣದಲ್ಲಿ ಹೇಳಬೇಕು. ಸಿ ಭಾಷೆಯಲ್ಲಿ ಅಲ್ಲಿನ ಎರಡನೇ ಸಂಖ್ಯೆ ಅಂದರೆ ಎಷ್ಟು ಅಂಶ ಅನ್ನುವ ಲೆಕ್ಕ. ಫೋರ್ಟ್ರಾನ್‌ನಲ್ಲಿ ಅದೇ ಜಾಗದಲ್ಲಿ ಬರುವುದು ಕೊನೆಯ ಇಂಡೆಕ್ಸ್. ಎರಡೂ ಭಾಷೆಯಲ್ಲಿ ಕೆಲಸ ಮಾಡುವವರು ಇಲ್ಲಿ ಜೋಪಾನ.

ಪ್ರಶ್ನೆ: ನನ್ನ ಒಂದು ಪ್ರೋಗ್ರಾಂ ಓಡಿಸಿದಾಗೆಲ್ಲ ಮೊತ್ತದ ಕೊನೆಯ ಒಂದೆರಡು ಅಂಕಿ ಬದಲಾಗುತ್ತವೆ. ಇನ್ನೊಂದರಲ್ಲಿ ಮೂರನೇ ಅಂಕಿಯೇ ಬೇರೆ ಬರುತ್ತದೆ. ಎರಡಕ್ಕೂ ಒಂದೇ ಕಾರಣವಾ? ಜಿಪಿಯುವನ್ನು ನಂಬಬಹುದಾ?
(ಭೌತಶಾಸ್ತ್ರ ಸಂಶೋಧಕ, ಶಿವಮೊಗ್ಗ)

ಕಾರಣಗಳು ಬೇರೆ ಬೇರೆ. ಮೊದಲನೆಯದಕ್ಕೆ ಹೆದರಬೇಡಿ, ಎರಡನೆಯದನ್ನು ಇವತ್ತೇ ಸರಿ ಮಾಡಿ.

ದಶಮಾಂಶ ಸಂಖ್ಯೆಗಳನ್ನು ಕಂಪ್ಯೂಟರ್ ಕೂಡಿಸುವಾಗ ಪ್ರತಿ ಹೆಜ್ಜೆಗೂ ಸ್ವಲ್ಪ ರೌಂಡ್ ಮಾಡುತ್ತದೆ. ಕೂಡಿಸುವ ಕ್ರಮ ಬದಲಾದರೆ ಕೊನೆಯ ಅಂಕಿಗಳೂ ಬದಲಾಗುತ್ತವೆ. ಜಿಪಿಯುನಲ್ಲಿ ಸಾವಿರಾರು ಥ್ರೆಡ್‌ಗಳು (ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳು) ತಮ್ಮ ತಮ್ಮ ಪಾಲು ಕೂಡಿಸಿ, ಆಮೇಲೆ ಅವನ್ನೆಲ್ಲ ಸೇರಿಸುತ್ತವೆ. ಡಬಲ್ ಪ್ರಿಸಿಷನ್‌ನಲ್ಲಿ 15ನೇ ಅಂಕಿ ಅತ್ತಿತ್ತ ಆದರೆ ಅದು ಸಹಜ.

ಮೂರನೇ ಅಂಕಿ ಬದಲಾಗುತ್ತದೆ ಅಂದರೆ ನಿಮ್ಮ ಲೂಪಿನ ಸುತ್ತುಗಳು ಒಂದರ ಮೇಲೊಂದು ಅವಲಂಬಿಸಿವೆ. ನೀವು ಕಳಿಸಿದ ಕೋಡಿನಲ್ಲಿ ಒಂದೇ ಅರೇಯಲ್ಲಿ ಓದಿ, ಅಲ್ಲೇ ಬರೆಯುತ್ತಿದ್ದೀರಿ. ಅದು ಗೌಸ್-ಸೈಡೆಲ್ ವಿಧಾನ. ಪಕ್ಕದ ಬಿಂದುವಿನ ಹೊಸ ಬೆಲೆ ಸಿಕ್ಕಿತೋ ಹಳೆಯದೋ ಅನ್ನುವುದು ಯಾವ ಥ್ರೆಡ್ ಮೊದಲು ಓಡಿತು ಅನ್ನುವುದರ ಮೇಲೆ ನಿಂತಿದೆ. 'ಪ್ಯಾರಲಲ್ ಲೂಪ್' ಅಂತ ಬರೆದರೆ, ಈ ಸುತ್ತುಗಳು ಸ್ವತಂತ್ರ ಅಂತ ನೀವು ಮಾತು ಕೊಟ್ಟ ಹಾಗೆ. ಕಂಪೈಲರ್ ಅದನ್ನು ಪರೀಕ್ಷಿಸುವುದಿಲ್ಲ. 'ಕರ್ನಲ್ಸ್' ಅಂತ ಬರೆದರೆ ಅದು ತಾನೇ ಹುಡುಕಿ ನೋಡಿ, ಅನುಮಾನ ಬಂದರೆ ಸಮಾಂತರ ಮಾಡಲು ಒಪ್ಪುವುದಿಲ್ಲ. ಕಲಿಯುವವರು ಎರಡನ್ನೂ ಹಾಕಿ ನೋಡಬೇಕು. 'ಎಂಇನ್ಫೋ' ಆಪ್ಷನ್ ಕೊಟ್ಟರೆ ಯಾಕೆ ಒಪ್ಪಲಿಲ್ಲ ಅಂತಲೂ ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ. ಸಿ ಕೋಡಿನಲ್ಲಿ ಪಾಯಿಂಟರ್ ಇದ್ದರೆ ಸುಮ್ಮಸುಮ್ಮನೆ ಅನುಮಾನ ಪಡುವುದೂ ಉಂಟು. ಆಗ 'ರಿಸ್ಟ್ರಿಕ್ಟ್' (ಈ ಪಾಯಿಂಟರ್ ತೋರಿಸುವ ಜಾಗವನ್ನು ಬೇರೆ ಪಾಯಿಂಟರ್ ಮುಟ್ಟುವುದಿಲ್ಲ ಅನ್ನುವ ಮಾತು) ಬರೆದರೆ ಸಾಕಾಗಬಹುದು.

ಒಂದು ಸುಲಭದ ಪರೀಕ್ಷೆ: ಜಿಪಿಯು ಬಿಟ್ಟು, ಸಿಪಿಯುನಲ್ಲೇ ಆ ಲೂಪನ್ನು ಕೊನೆಯಿಂದ ಮೊದಲಿಗೆ ಓಡಿಸಿ. ಉತ್ತರ ಗಣನೀಯವಾಗಿ ಬದಲಾದರೆ ಅದನ್ನು ಇದ್ದ ಹಾಗೆ ಜಿಪಿಯುಗೆ ಕೊಡುವಂತಿಲ್ಲ. ಬದಲಾಗದಿದ್ದರೆ ಎಲ್ಲ ಸರಿ ಅಂತಲೂ ಅಲ್ಲ, ಆದರೆ ಬಹಳಷ್ಟು ತಪ್ಪುಗಳು ಇಲ್ಲೇ ಸಿಕ್ಕಿಬೀಳುತ್ತವೆ. ನಿಮ್ಮ ಕೋಡಿಗೆ ದಾರಿ ಇದೆ. ಚದುರಂಗದ ಮಣೆಯ ಹಾಗೆ ಬಿಂದುಗಳನ್ನು ಕೆಂಪು-ಕಪ್ಪು ಅಂತ ವಿಂಗಡಿಸಿ. ಮೊದಲು ಕೆಂಪನ್ನೆಲ್ಲ, ಆಮೇಲೆ ಕಪ್ಪನ್ನೆಲ್ಲ ಲೆಕ್ಕ ಹಾಕಿ. ಕೆಂಪಿನ ನಾಲ್ಕೂ ನೆರೆಯವರು ಕಪ್ಪು. ಹಾಗಾಗಿ ಒಂದು ಬಣ್ಣದೊಳಗೆ ಯಾರೂ ಯಾರನ್ನೂ ಕಾಯಬೇಕಿಲ್ಲ.

ನೀವು ಓಪನ್‌ಎಂಪಿಗೆ ಹೋಗುವ ಯೋಚನೆಯಲ್ಲಿದ್ದೇನೆ ಅಂದಿದ್ದೀರಿ. ಅಲ್ಲಿ ಮೊತ್ತಕ್ಕೆ 'ರಿಡಕ್ಷನ್' ಬರೆದರೂ, 4.5 ಆವೃತ್ತಿಯ ನಿಯಮದಂತೆ ಆ ವೇರಿಯಬಲ್ಲನ್ನು 'ಮ್ಯಾಪ್ ಟುಫ್ರಂ' (ಕಾರ್ಡಿಗೆ ಕಳಿಸಿ, ವಾಪಸ್ ತಾ) ಅಂತಲೂ ಹೇಳಬೇಕಿತ್ತು. ಇಲ್ಲದಿದ್ದರೆ ಜಿಪಿಯುನಲ್ಲಿ ಮೊತ್ತ ಸಿದ್ಧವಾದರೂ ನಿಮ್ಮ ಕೈಗೆ ಬರುತ್ತಿರಲಿಲ್ಲ. 2018ರ 5.0 ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದ್ದಾರೆ. ಹಳೆಯ ಕಂಪೈಲರ್ ಇದ್ದರೆ ನೆನಪಿಡಿ.

ಪ್ರಶ್ನೆ: ನಾನು ನಿವೃತ್ತ ಎಂಜಿನಿಯರ್. ಕಾಲುವೆಯ ನೀರಿನ ಹರಿವು ಲೆಕ್ಕ ಹಾಕುವ ಫೋರ್ಟ್ರಾನ್ 77 ಪ್ರೋಗ್ರಾಂ ನನ್ನ ಬಳಿ ಇದೆ. ನಾನೇ ವರ್ಷಗಟ್ಟಲೆ ಬೆಳೆಸಿದ್ದು. ಮಗ ಹೇಳುತ್ತಾನೆ, ಇದನ್ನು ಬಿಸಾಕಿ ಸಿ++ನಲ್ಲಿ ಬರೆದರೆ ಮಾತ್ರ ಜಿಪಿಯುನಲ್ಲಿ ಓಡುತ್ತದೆ ಅಂತ. ನಿಜವಾ?
(ಓದುಗರು, ಮೈಸೂರು)

ನಿಜ ಅಲ್ಲ ಸರ್. ದಯವಿಟ್ಟು ಬಿಸಾಕಬೇಡಿ.

ಡೈರೆಕ್ಟಿವ್‌ಗಳು ಹುಟ್ಟಿದ್ದೇ ನಿಮ್ಮಂಥವರ ಕೋಡಿಗಾಗಿ. ನಿಮಗೆ ಗೊತ್ತಿರುವ ಹಾಗೆ ಫೋರ್ಟ್ರಾನ್ 77ರಲ್ಲಿ ಮೊದಲ ಕಾಲಮ್ಮಿನಲ್ಲಿ 'ಸಿ' ಅಕ್ಷರ ಇದ್ದರೆ ಆ ಸಾಲು ಕಾಮೆಂಟ್. ಓಪನ್‌ಎಸಿಸಿ ಸಾಲು ಕೂಡ ಅಲ್ಲಿಂದಲೇ ಶುರುವಾಗುತ್ತದೆ: ಸಿ, ಡಾಲರ್ ಚಿಹ್ನೆ, ಆಮೇಲೆ ಎಸಿಸಿ. ಗೊತ್ತಿರುವ ಕಂಪೈಲರ್‌ಗೆ ಅದು ಸೂಚನೆ, ಗೊತ್ತಿಲ್ಲದ ಕಂಪೈಲರ್‌ಗೆ ಬರೀ ಕಾಮೆಂಟ್. ಅಂದರೆ ನಿಮ್ಮ ಹಳೆಯ ಪ್ರೋಗ್ರಾಂ ಹಳೆಯ ಕಂಪ್ಯೂಟರ್‌ನಲ್ಲಿ ಓಡುವುದು ನಿಲ್ಲುವುದಿಲ್ಲ. ಎರಡು ಪ್ರತಿ ಸಾಕುವ ತಾಪತ್ರಯವೂ ಇಲ್ಲ. ಹವಾಮಾನ ಮುನ್ಸೂಚನೆಯ ಐಕಾನ್ ಮಾಡೆಲ್, ವಸ್ತುಗಳ ಪರಮಾಣು ಮಟ್ಟದ ಲೆಕ್ಕಕ್ಕೆ ಜಗತ್ತಿನಾದ್ಯಂತ ಬಳಸುವ ವ್ಯಾಸ್ಪ್, ಇವೆರಡೂ ಫೋರ್ಟ್ರಾನ್. ಎರಡೂ ಜಿಪಿಯುಗೆ ಹೋಗಿದ್ದು ಓಪನ್‌ಎಸಿಸಿ ದಾರಿಯಲ್ಲೇ. ಅಷ್ಟು ದೊಡ್ಡ ಕೋಡನ್ನು ಯಾರೂ ಬಿಸಾಕಿ ಹೊಸದಾಗಿ ಬರೆಯಲಿಲ್ಲ.

ಆದರೆ ಸರ್, ನಿಮ್ಮ ಕೋಡಿಗೆ ಜಿಪಿಯು ಬೇಕಾ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೂ ನೇರವಾಗಿ ಉತ್ತರ ಹೇಳುತ್ತೇನೆ. ಕಾಲುವೆಯನ್ನು 600 ಭಾಗ ಮಾಡಿದ್ದೀರಿ ಅಂತ ಬರೆದಿದ್ದೀರಿ. ಟಿ4ನಂಥ ಸಾಧಾರಣ ಕಾರ್ಡಿನಲ್ಲೇ 2560 ಕೋರ್ ಇವೆ. ಅದಕ್ಕೆ ಹೊಟ್ಟೆ ತುಂಬಬೇಕಾದರೆ ಲಕ್ಷಗಟ್ಟಲೆ ಸುತ್ತುಗಳು ಒಟ್ಟಿಗೆ ಸಿಗಬೇಕು. 600ರ ಲೂಪನ್ನು ಕೊಟ್ಟರೆ, ಕೆಲಸ ಶುರು ಮಾಡಿಸುವ ಖರ್ಚೇ ಕೆಲಸಕ್ಕಿಂತ ಜಾಸ್ತಿ. ಒಂದು ಓಟಕ್ಕೆ ನಿಮ್ಮ ಸಿಪಿಯು ಸಾಕು, ಚೆನ್ನಾಗಿಯೇ ಓಡುತ್ತದೆ.

ನೀವು ಪತ್ರದ ಕೊನೆಯಲ್ಲಿ ಇನ್ನೊಂದು ಮಾತು ಬರೆದಿದ್ದೀರಿ. ಗೇಟುಗಳನ್ನು ಎಷ್ಟೆಷ್ಟು ತೆರೆದರೆ ಕೊನೆಯ ಹೊಲಕ್ಕೆ ನೀರು ಮುಟ್ಟುತ್ತದೆ ಅಂತ ಸಾವಿರಾರು ಸಾಧ್ಯತೆ ಓಡಿಸಿ ನೋಡುವ ಆಸೆ ಇದೆ ಅಂತ. ಅದನ್ನು ಓದಿ ನನಗೆ ತುಂಬ ಸಂತೋಷವಾಯಿತು. ಜಿಪಿಯುಗೆ ಹೇಳಿ ಮಾಡಿಸಿದ ಕೆಲಸ ಅದು! ಒಂದು ಕಾಲುವೆಯ ಒಳಗೆ ಸಮಾಂತರ ಹುಡುಕಬೇಡಿ, ಸಾಧ್ಯತೆಗಳ ಮೇಲೆ ಹುಡುಕಿ. ಪ್ರತಿ ಅರೇಗೂ ಒಂದು ಹೊಸ ಇಂಡೆಕ್ಸ್ ಸೇರಿಸಿ, ಅದು ಎಷ್ಟನೇ ಸಾಧ್ಯತೆ ಅಂತ ಹೇಳಲಿ. ಒಂದು ಮುಖ್ಯ ವಿಷಯ: ಆ ಇಂಡೆಕ್ಸನ್ನು ಮೊದಲ ಜಾಗದಲ್ಲಿ ಇಡಿ, ಕೊನೆಯಲ್ಲಿ ಅಲ್ಲ. ಫೋರ್ಟ್ರಾನ್‌ನಲ್ಲಿ ಮೊದಲ ಇಂಡೆಕ್ಸಿನ ಬೆಲೆಗಳು ಮೆಮೊರಿಯಲ್ಲಿ ಅಕ್ಕಪಕ್ಕ ಕೂರುತ್ತವೆ. ಜಿಪಿಯುನಲ್ಲಿ ಅಕ್ಕಪಕ್ಕದ ಥ್ರೆಡ್‌ಗಳು ಅಕ್ಕಪಕ್ಕದ ಬೆಲೆಗಳನ್ನು ಓದಿದರೆ ಒಂದೇ ಎಳೆತಕ್ಕೆ ಎಲ್ಲ ಸಿಗುತ್ತದೆ. ದೂರದೂರ ಇದ್ದರೆ ವೇಗ ಹಲವು ಪಟ್ಟು ಬೀಳುತ್ತದೆ.

ತೊಂದರೆ ಕೊಡುವ ಜಾಗಗಳು ಮೊದಲೇ ಗೊತ್ತಿರಲಿ. ಲೂಪಿನೊಳಗಿನ ರೈಟ್, ಪ್ರಿಂಟ್ ಸಾಲುಗಳನ್ನು ಹೊರಗೆ ಹಾಕಿ. ಲೂಪಿನಿಂದ ಹೊರಕ್ಕೆ ಹಾರುವ ಗೋಟು ಇದ್ದರೆ ತೆಗೆಯಿರಿ. ಒಳಗೆ ಕರೆಯುವ ಪ್ರತಿ ಸಬ್‌ರೂಟೀನ್‌ಗೂ 'ಎಸಿಸಿ ರೂಟೀನ್' ಅನ್ನುವ ಸಾಲು ಬೇಕು. ಕಾಮನ್ ಬ್ಲಾಕ್‌ನಲ್ಲಿ ತಾತ್ಕಾಲಿಕ ವೇರಿಯಬಲ್ ಇಟ್ಟಿದ್ದರೆ ಅದೇ ದೊಡ್ಡ ಅಪಾಯ, ಯಾಕೆಂದರೆ ಸಾವಿರ ಸಾಧ್ಯತೆಗಳೂ ಒಂದೇ ಪೆಟ್ಟಿಗೆಯಲ್ಲಿ ಬರೆಯಲು ಶುರು ಮಾಡುತ್ತವೆ. ಅಂಥವನ್ನು ಲೋಕಲ್ ಮಾಡಿ. ಇದಿಷ್ಟನ್ನೂ ಜಿಪಿಯು ಮುಟ್ಟದೆ, ಮಾಮೂಲಿ ಜಿಫೋರ್ಟ್ರಾನ್‌ನಲ್ಲೇ ಮಾಡಿ ಮುಗಿಸಬಹುದು. ಪ್ರತಿ ಬದಲಾವಣೆ ಆದ ಮೇಲೂ ಹಳೆಯ ಉತ್ತರದ ಜೊತೆ ತಾಳೆ ನೋಡಿ. ವರ್ಷಗಟ್ಟಲೆಯ ಉತ್ತರಗಳು ನಿಮ್ಮ ಬಳಿ ಇವೆ. ಹೊಸದಾಗಿ ಬರೆಯುವವರಿಗೆ ಆ ಭಾಗ್ಯ ಇಲ್ಲ.

ಮಗನಿಗೆ ಸಿ++ ಬರುತ್ತದೆ ಅಂದಿರಿ. ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ, ಡೇಟಾ ಸಾಗಣೆಯ ಲೆಕ್ಕ ಎರಡು ಭಾಷೆಗೂ ಒಂದೇ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಲ್ಲಿ ಜಿಪಿಯು ಇಲ್ಲ. ಕೊಳ್ಳುವ ಶಕ್ತಿಯೂ ಇಲ್ಲ. ಕಲಿಯೋದು ಹೇಗೆ?
(ಡಿಪ್ಲೊಮಾ ವಿದ್ಯಾರ್ಥಿ, ಕಲಬುರಗಿ)

ಕೊಳ್ಳಲೇಬೇಡಿ. ಎನ್ವಿಡಿಯಾದ ಎಚ್‌ಪಿಸಿ ಎಸ್‌ಡಿಕೆ ಉಚಿತ. ಅದರಲ್ಲಿ 'ಎಸಿಸಿ ಮಲ್ಟಿಕೋರ್' ಅಂತ ಆಪ್ಷನ್ ಕೊಟ್ಟರೆ ಅದೇ ಡೈರೆಕ್ಟಿವ್ ನಿಮ್ಮ ಲ್ಯಾಪ್‌ಟಾಪಿನ ಕೋರ್‌ಗಳ ಮೇಲೆ ಓಡುತ್ತದೆ. ಜಿಸಿಸಿ ಕೂಡ 2015ರ 5ನೇ ಆವೃತ್ತಿಯಿಂದ ಓಪನ್‌ಎಸಿಸಿ ಅರ್ಥ ಮಾಡಿಕೊಳ್ಳುತ್ತದೆ. ವೇಗ ನೋಡಲು ಆಗದಿದ್ದರೂ, ಬರೆದದ್ದು ಸರಿ ಇದೆಯಾ ಅಂತ ಅಲ್ಲೇ ನೋಡಬಹುದು. ನಿಜವಾದ ಜಿಪಿಯು ಬೇಕಾದಾಗ ಗೂಗಲ್ ಕೊಲ್ಯಾಬ್‌ಗೆ ಹೋಗಿ. ಉಚಿತವಾಗಿ ಸಾಮಾನ್ಯವಾಗಿ ಟಿ4 ಸಿಗುತ್ತದೆ. ಸೆಷನ್ ಮುಗಿದರೆ ಎಲ್ಲ ಅಳಿಸಿಹೋಗುತ್ತದೆ, ಫೈಲುಗಳನ್ನು ಡ್ರೈವ್‌ನಲ್ಲಿ ಇಡಿ. ಒಂದು ಎಚ್ಚರಿಕೆ: ಟಿ4ನಲ್ಲಿ ಡಬಲ್ ಪ್ರಿಸಿಷನ್ ಲೆಕ್ಕದ ವೇಗ ಸಿಂಗಲ್‌ನ 32ನೇ ಒಂದು ಭಾಗ. ಕೂಡು-ಗುಣಿಸು ಜಾಸ್ತಿ ಇರುವ ಪ್ರೋಗ್ರಾಂ ಅಲ್ಲಿ ಸೊರಗಿದರೆ ತಪ್ಪು ನಿಮ್ಮದಲ್ಲ.

ಮುಂದೆ ಎಂ.ಎಸ್ಸಿ, ಪಿಎಚ್.ಡಿ ಅಂತ ಹೋದರೆ ಬಾಗಿಲುಗಳು ತೆರೆಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗದಂಥ ಸೂಪರ್ ಕಂಪ್ಯೂಟರ್‌ಗಳಲ್ಲಿ ಜಿಪಿಯು ನೋಡ್‌ಗಳೂ ಇವೆ. ಅಲ್ಲಿಗೆ ಹೋಗುವ ಹೊತ್ತಿಗೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಕಲಿತದ್ದು ಹಾಗೇ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಓಪನ್‌ಎಸಿಸಿ ಕಲಿಯಲಾ, ಓಪನ್‌ಎಂಪಿ ಕಲಿಯಲಾ? ಅಥವಾ ಇವೆಲ್ಲ ಬಿಟ್ಟು, ಜಿಪಿಯು ಕೋಡನ್ನು ನಾವೇ ಕೈಯಾರೆ ಬರೆಯುವ ಎನ್ವಿಡಿಯಾದ ಕುಡಾಗೆ ನೇರ ಹೋಗಲಾ?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಓಪನ್‌ಎಸಿಸಿ 2011ರ ನವೆಂಬರ್‌ನಲ್ಲಿ ಬಂತು. ಕ್ರೇ, ಕ್ಯಾಪ್ಸ್, ಎನ್ವಿಡಿಯಾ, ಪಿಜಿಐ ಸೇರಿ ತಂದದ್ದು. ಓಪನ್‌ಎಂಪಿ ಅದಕ್ಕಿಂತ ಹಳೆಯದು, 1997ರಿಂದ ಇದೆ. ಆದರೆ ಜಿಪಿಯುಗೆ ಕೆಲಸ ಕೊಡುವ 'ಟಾರ್ಗೆಟ್' ಅದರಲ್ಲಿ ಸೇರಿದ್ದು 2013ರ 4.0 ಆವೃತ್ತಿಯಲ್ಲಿ. ನನ್ನ ಸಲಹೆ: ಓಪನ್‌ಎಸಿಸಿಯಿಂದ ಶುರು ಮಾಡಿ. ಬರೆಯಬೇಕಾದ್ದು ಕಡಿಮೆ, ಕಂಪೈಲರ್ ಏನು ಮಾಡಿತು ಅಂತ ಎನ್ವಿಡಿಯಾ ಕಂಪೈಲರ್ ಬಿಡಿಸಿ ಹೇಳುತ್ತದೆ. ಆದರೆ ಅಲ್ಲೇ ನಿಲ್ಲಬೇಡಿ. ಎಎಮ್‌ಡಿ, ಇಂಟೆಲ್ ಜಿಪಿಯುಗಳಲ್ಲಿ ಓಡಬೇಕಾದರೆ ಓಪನ್‌ಎಂಪಿಯೇ ಗಟ್ಟಿ ದಾರಿ. ಇಂಟೆಲ್‌ನ ಕಂಪೈಲರ್ ಓಪನ್‌ಎಸಿಸಿಯನ್ನು ಒಪ್ಪುವುದೇ ಇಲ್ಲ. ಅಮೆರಿಕದ ಓಕ್ ರಿಡ್ಜ್‌ನಲ್ಲಿರುವ ಫ್ರಾಂಟಿಯರ್ ಸೂಪರ್ ಕಂಪ್ಯೂಟರ್ ಪೂರ್ತಿ ಎಎಮ್‌ಡಿ ಜಿಪಿಯುಗಳದ್ದು, ಅಂಥ ಯಂತ್ರಗಳು ಇನ್ನೂ ಬರುತ್ತವೆ. ಒಂದು ಗೊತ್ತಿದ್ದರೆ ಇನ್ನೊಂದು ಕಷ್ಟವಲ್ಲ. 'ಕಾಪಿ' ಇದ್ದ ಕಡೆ 'ಮ್ಯಾಪ್ ಟುಫ್ರಂ', 'ಕ್ರಿಯೇಟ್' ಇದ್ದ ಕಡೆ 'ಮ್ಯಾಪ್ ಅಲಾಕ್', 'ಅಪ್‌ಡೇಟ್ ಸೆಲ್ಫ್' ಇದ್ದ ಕಡೆ 'ಟಾರ್ಗೆಟ್ ಅಪ್‌ಡೇಟ್ ಫ್ರಂ'. 'ಪ್ಯಾರಲಲ್ ಲೂಪ್' ಮಾತ್ರ 'ಟಾರ್ಗೆಟ್ ಟೀಮ್ಸ್ ಡಿಸ್ಟ್ರಿಬ್ಯೂಟ್ ಪ್ಯಾರಲಲ್ ಫಾರ್' ಅಂತ ಉದ್ದ ಆಗುತ್ತದೆ.

ಕುಡಾ ಯಾವಾಗ ಬೇಕು? ನಿಮ್ಮ ಪ್ರೋಗ್ರಾಂ ಓಡಿಸಿ, ಪ್ರೊಫೈಲರ್‌ನಲ್ಲಿ ನೋಡಿ, ಸಾಗಣೆ ಎಲ್ಲ ಸರಿ ಮಾಡಿದ ಮೇಲೂ ಒಂದೆರಡು ಲೂಪ್‌ಗಳೇ ಸಮಯ ತಿನ್ನುತ್ತಿವೆ ಅಂತ ಗೊತ್ತಾದಾಗ. ಆ ಒಂದೆರಡನ್ನು ಮಾತ್ರ ಕುಡಾದಲ್ಲಿ ಬರೆಯಿರಿ, ಉಳಿದದ್ದು ಡೈರೆಕ್ಟಿವ್‌ನಲ್ಲೇ ಇರಲಿ. ಎರಡೂ ಒಂದೇ ಪ್ರೋಗ್ರಾಂನಲ್ಲಿ ಹೊಂದಿಕೊಂಡು ಇರುತ್ತವೆ. ಮ್ಯಾಟ್ರಿಕ್ಸ್ ಗುಣಾಕಾರ, ಫೂರಿಯೇ ಟ್ರಾನ್ಸ್‌ಫಾರ್ಮ್ ಇವನ್ನಂತೂ ಡೈರೆಕ್ಟಿವ್‌ನಲ್ಲೂ ಬರೆಯಬೇಡಿ, ಕುಡಾದಲ್ಲೂ ಬರೆಯಬೇಡಿ. ಕ್ಯೂಬ್ಲಾಸ್, ಕ್ಯೂಎಫ್‌ಎಫ್‌ಟಿ ಲೈಬ್ರರಿಗಳಲ್ಲಿ ಸಿದ್ಧವಾಗಿವೆ. ಅವನ್ನು ಕರೆಯುವ ಸಾಲಿನ ಮೇಲೆ 'ಹೋಸ್ಟ್ ಡೇಟಾ ಯೂಸ್ ಡಿವೈಸ್' ಹಾಕಿದರೆ, ಅರೇಯ ಜಿಪಿಯು ಕಡೆಯ ವಿಳಾಸ ನೇರವಾಗಿ ಲೈಬ್ರರಿಗೆ ಹೋಗುತ್ತದೆ. ಇದನ್ನು ಹಾಕದೆ ಕರೆದರೆ ಸಿಪಿಯು ಕಡೆಯ ವಿಳಾಸ ಹೋಗಿ, ಸಾಮಾನ್ಯವಾಗಿ 'ಇಲ್ಲೀಗಲ್ ಅಡ್ರೆಸ್' ಅನ್ನುವ ಎರರ್ ಬಂದು ಪ್ರೋಗ್ರಾಂ ನಿಲ್ಲುತ್ತದೆ. ಹಾಗಾದಾಗ ಲೈಬ್ರರಿಯನ್ನು ಅನುಮಾನಿಸುವ ಮುಂಚೆ ಆ ಒಂದು ಸಾಲು ಇದೆಯಾ ನೋಡಿ.